ಕೆಳಗಿನ ಕಟ್ಟ ಮೊದಲು

ಈಚೆಗೆ ಒಂದು ಸಂಜೆ ಕುಂಬ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಹನಿಯತೊಡಗಿತು. ಛತ್ರಿ ಬ್ಯಾಗಿನ ತಳದಲ್ಲಿತ್ತು. ತೆಗೆಯಲು ಸೋಮಾರಿತನವಾಗಿ ಪಕ್ಕದ ಅಂಗಡಿಯ ಜಗಲಿ ಹತ್ತಿದೆ. ದನದ ಹಿಂಡಿ ಮಾರುವ ಅಂಗಡಿ ಅದು. ಬಾಗಿಲ ಬಳಿ ಖಾಲಿ ಹಿಂಡಿ ಚೀಲಗಳನ್ನು ಅಟ್ಟಿ ಹಾಕಿದ್ದರು, ಹೊರಗಿನ ಸಾಲು ನೆನೆದಿತ್ತು. ನೆನೆದ ಹಿಂಡಿ ಚೀಲದ ವಾಸನೆಯನ್ನು ಯಾರೂ ಸುವಾಸನೆ ಎನ್ನಲಾರರು. ಹುಳಿ ಹಿಡಿದ ತೌಡು, ಸ್ವಲ್ಪ ಬೆಲ್ಲ, ಸ್ವಲ್ಪ ಕೊಟ್ಟಿಗೆ. ನಾನು ಮಾತ್ರ ಮೂಗರಳಿಸಿ ಉಸಿರೆಳೆದುಕೊಂಡೆ. ಅಂಗಡಿಯಾತ ಅದನ್ನು ಗಮನಿಸಿ, "ಎಂತ ಮೇಡಂ, ಚೀಲ ಬೇಕಿತ್ತಾ?" ಎಂದು ಕೇಳಿದ. ಒಂದು ಮಳೆಗಾಲವಿಡೀ ಈ ವಾಸನೆಯ ನಡುವೆಯೇ ಉಂಡು ಮಲಗಿದ್ದೇನೆ ಎಂದು ಅವನಿಗೆ ಹೇಳುವಷ್ಟರಲ್ಲಿ ಸುಳ್ಯದ ಬಸ್ಸು ಬಂತು.

ಈಗ ನನ್ನ ಪಾಠ, ಬಾಡಿಗೆ ಮನೆ ಎಲ್ಲ ಸುಳ್ಯದಲ್ಲಿ. ಅದಕ್ಕೆ ಮೊದಲು ಕುಂಬ್ರದಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಗುಡ್ಡದ ಮೇಲಿನ ಒಂದು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಿನಲ್ಲಿದ್ದೆ. ನನ್ನದು ವಾಣಿಜ್ಯ ವಿಭಾಗ. ಅದರ ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ನನ್ನ ಕೊರಳಿಗೆ ಕಟ್ಟಿದ್ದರು. ಮದುವೆಯಾಗದ ಅಧ್ಯಾಪಕಿಗೆ ಸಂಜೆ ಹೊತ್ತು ಬೇರೇನು ಕೆಲಸ ಎಂಬುದು ಅವರ ತರ್ಕ. ನಾನೂ ಹೆಚ್ಚು ವಾದಿಸಲಿಲ್ಲ, ಹಾಸ್ಟೆಲಿನ ಊಟ ಚೆನ್ನಾಗಿತ್ತು.

ನೀರೊಂದೇ ಸರಿ ಇರಲಿಲ್ಲ. ಇಷ್ಟು ಮಳೆ ಹೊಯ್ಯುವ ಊರಿನಲ್ಲಿ ನೀರಿಲ್ಲ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಆದರೆ ಗುಡ್ಡಕ್ಕೆ ಬಿದ್ದ ನೀರು ಗುಡ್ಡದಲ್ಲಿ ನಿಲ್ಲುವುದಿಲ್ಲ. ಆಟಿ ತಿಂಗಳಲ್ಲಿ ಕೊಡೆ ಹಿಡಿದರೂ ತೋಯಿಸುವ ಮಳೆ, ಸಂಕ್ರಾಂತಿ ಕಳೆಯುವಷ್ಟರಲ್ಲಿ ತೋಡೆಂಬ ಸಣ್ಣ ಹಳ್ಳ ಹಿಡಿದು ಹೊಳೆಗೆ, ಹೊಳೆ ಹಿಡಿದು ಕಡಲಿಗೆ ಹೋಗಿ ಮುಗಿದಿರುತ್ತದೆ. ನಮ್ಮ ಹಾಸ್ಟೆಲಿನ ಬಾವಿ ಗುಡ್ಡದ ಬುಡದಲ್ಲಿ, ತೋಡಿನ ಪಕ್ಕ ಇತ್ತು. ತೋಡಿನಲ್ಲಿ ನೀರಿದ್ದಷ್ಟು ದಿನ ಬಾವಿಯಲ್ಲೂ ನೀರು. ತೋಡು ಬತ್ತಿದ ಮೇಲೆ ಪಂಪು ಗಾಳಿಯನ್ನೇ ಮೇಲೆತ್ತುತ್ತಿತ್ತು.

ನಾನು ಹೇಳುತ್ತಿರುವ ವರ್ಷದ ಹಿಂದಿನ ಬೇಸಗೆಯಲ್ಲಿ ಟ್ಯಾಂಕರಿನವರೂ ಕೈಯೆತ್ತಿದರು. ಪರೀಕ್ಷೆ ನಡೆಯುತ್ತಿದ್ದಾಗಲೇ ಹಾಸ್ಟೆಲ್ ಮುಚ್ಚಬೇಕಾಯಿತು. ಹತ್ತಿರದ ಹುಡುಗಿಯರು ಮನೆಯಿಂದ ಬಂದು ಬರೆದರು. ದೂರದವರು ನೆಂಟರ ಮನೆ ಹುಡುಕಿಕೊಂಡರು. ನೆಂಟರಿಲ್ಲದವರಲ್ಲಿ ಒಬ್ಬಳು ಭವ್ಯಾ. ರಸಾಯನಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದಳು. ಮನೆ ಗುಂಡ್ಯದಿಂದಲೂ ಒಳಗೆ. ಬೆಳಕು ಹರಿಯುವ ಮೊದಲೇ ಹೊರಟು ಬಸ್ಸು ಬದಲಿಸಿ ಬರುತ್ತಿದ್ದಳು. ಕೊನೆಯ ಪರೀಕ್ಷೆಯ ದಿನ ಶಿರಾಡಿ ಘಾಟಿಯಲ್ಲಿ ಲಾರಿಯೊಂದು ಅಡ್ಡ ಮಲಗಿತು. ಮೇಲಿನ ಬಸ್ಸು ಕೆಳಗೆ ಇಳಿಯಲೇ ಇಲ್ಲ. ಅವಳು ಯಾರದೋ ಜೀಪು ಹತ್ತಿ, ಯಾರದೋ ಬೈಕು ಹತ್ತಿ ತಲುಪಿದಾಗ ಒಳಗಿದ್ದವರು ಹೆಚ್ಚುವರಿ ಹಾಳೆ ಕೇಳುತ್ತಿದ್ದರು. ಅವಳನ್ನು ಒಳಗೆ ಬಿಡಲಿಲ್ಲ. ಆ ಪತ್ರಿಕೆ ಮತ್ತೆ ಬರುವುದು ಮುಂದಿನ ಬೇಸಗೆಗೆ. ಎಂದರೆ ಎರಡನೇ ವರ್ಷದ ಕೊನೆಯ ಪರೀಕ್ಷೆಗಳ ಜೊತೆಗೆ ಅದನ್ನೂ ಬರೆಯಬೇಕು. ಆ ಸಲವೂ ತಪ್ಪಿದರೆ ಪದವಿಗೆ ಇನ್ನೂ ಒಂದು ವರ್ಷ. ಸುಳ್ಯದ ಒಂದು ಶಾಲೆಯಲ್ಲಿ, ಪದವಿ ಕೈಯಲ್ಲಿದ್ದರೆ ಮುಂದಿನ ವರ್ಷದ ಜೂನಿನಿಂದ ಅವಳಿಗೆ ಕೆಲಸವೆಂದು ಮಾತಾಗಿತ್ತು. ಅವರು ಒಂದು ವರ್ಷ ಕಾಯುವವರಲ್ಲ.

ಹಾಗಾಗಿ ಮಳೆಗಾಲದಲ್ಲಿ ಕ್ಯಾಂಪಸ್ಸಿನ ಪರಿಸರ ಸಭೆ ಕರೆದಾಗ ಭವ್ಯಾ ಮೊದಲ ಸಾಲಿನಲ್ಲಿ ಕೂತಿದ್ದಳು. ನಮ್ಮ ನಿರ್ದೇಶಕರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಫಲಕಗಳ ಮೇಲೆ ಬಹಳ ಪ್ರೀತಿ. ಪ್ರತಿ ನಲ್ಲಿಯ ಮೇಲೂ "ಜೀವಜಲ ಉಳಿಸಿ" ಎಂದು ಬರೆಸುವ ಯೋಜನೆ ಮುಂದಿಟ್ಟರು.

ಭವ್ಯಾ ಎದ್ದು ನಿಂತಳು. "ಸರ್, ಕಳೆದ ವರ್ಷವೂ ಬೋರ್ಡ್ ಇತ್ತು. ಅದರ ಕೆಳಗೆ ನೀರಿರಲಿಲ್ಲ."

ಸಭೆ ನಕ್ಕಿತು. ನಿರ್ದೇಶಕರೂ ನಕ್ಕರು, ಸ್ವಲ್ಪ ತಡವಾಗಿ. ಸಸ್ಯಶಾಸ್ತ್ರದ ಮಹಾಲಿಂಗ ಭಟ್ಟರು ಹಿಂದಿನಿಂದ, "ತೋಡಿಗೆ ಕಟ್ಟ ಕಟ್ಟುದು ಸರ್, ಬೇರೆ ಎಂತ ಉಂಟು ಉಪಾಯ?" ಎಂದರು. ಅವರ ಮನೆ ಪೆರಾಬೆ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು ಸೇರಿಸಿ ಒಡ್ಡು ಹಾಕಿ ನೀರು ನಿಲ್ಲಿಸುವುದು, ಮುಂದಿನ ಮಳೆಗೆ ಮೊದಲು ಬಿಡಿಸುವುದು ಅವರ ಮನೆಯಲ್ಲಿ ವರ್ಷಾವಧಿ ಕೆಲಸ. ನಿರ್ದೇಶಕರು ಅನುದಾನಕ್ಕೆ ಬರೆಯೋಣವೇ ಎಂದಾಗ ಭಟ್ಟರು, "ಅದು ಬರುವಾಗ ಈ ಮಕ್ಕಳೆಲ್ಲ ಅಜ್ಜಿಯಂದಿರಾಗಿರ್ತಾರೆ ಸರ್. ಖಾಲಿ ಚೀಲ ಸಾಕು, ಮಣ್ಣು ಇಲ್ಲಿಯೇ ಉಂಟು" ಎಂದುಬಿಟ್ಟರು.

ಅಲ್ಲಿಂದ ಕೆಲಸ ಶುರುವಾಯಿತು. ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎನ್ನುತ್ತಾರಲ್ಲ, ಹಾಗೆ. ಭೌತಶಾಸ್ತ್ರದ ಹುಡುಗರು ಸೋರುವ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದರು. ಅದರಲ್ಲಿ ಒಂದೆರಡು ಮೊದಲಿಗಿಂತ ಜೋರಾಗಿ ಸೋರಿದವು, ಮತ್ತೆ ಮಾಡಿದರು. ಪಾತ್ರೆ ತೊಳೆದ ನೀರು ಹಾಸ್ಟೆಲಿನ ಹಿಂದೆ ಬಾಳೆಬುಡಕ್ಕೆ ಹೋಗುವಂತೆ ನನ್ನ ಹುಡುಗಿಯರು ಕಣಿ ತೋಡಿದರು. ಊರಿಗೆ ಹೋದವರೆಲ್ಲ ಮನೆಯಿಂದ ಖಾಲಿ ಹಿಂಡಿ ಚೀಲ ತರಬೇಕೆಂದು ಮಾತಾಯಿತು. ಕಡಬದಿಂದ, ಸುಳ್ಯದಿಂದ, ವಿಟ್ಲದಿಂದ ಚೀಲದ ಸುರುಳಿಗಳು ಬಂದವು. "ಯೂನಿವರ್ಸಿಟಿಯಲ್ಲಿ ದನ ಸಾಕ್ಲಿಕ್ಕೆ ಕಲಿಸುದಾ ಈಗ?" ಎಂದು ಬಸ್ಸಿನ ಕಂಡಕ್ಟರುಗಳು ಕೇಳುತ್ತಿದ್ದರಂತೆ. ಇಡಲು ಬೇರೆ ಒಣ ಜಾಗವಿಲ್ಲದೆ ಎಲ್ಲವನ್ನೂ ಹಾಸ್ಟೆಲಿನ ಓಣಿಯಲ್ಲಿ, ನನ್ನ ಕೋಣೆಯ ಬಾಗಿಲಿಗೇ ತಾಗಿಸಿ ಒಟ್ಟಿದರು. ಆ ವರ್ಷ ನನ್ನ ಸೀರೆಗೂ ಹಿಂಡಿಯ ವಾಸನೆ, ಚಹಾಕ್ಕೂ ಹಿಂಡಿಯ ವಾಸನೆ. ಅಮ್ಮ ನೋಡಲು ಬಂದವಳು, "ಇದೆಂಥದು, ನಿನಗೆ ಹಾಸ್ಟೆಲ್ ಕೊಟ್ಟದ್ದಾ ಹಟ್ಟಿ ಕೊಟ್ಟದ್ದಾ?" ಎಂದಳು.

ನವೆಂಬರ್ ಕೊನೆಗೆ ಆಕಾಶ ತಿಳಿಯಾಯಿತು. ಬೆಳಿಗ್ಗೆ ಸ್ವಲ್ಪ ಮಂಜು, ಹತ್ತರ ಮೇಲೆ ಬಿಸಿಲು. ತೋಡಿನ ಹರಿವು ಮೊಣಕಾಲಿಗಿಂತ ಕೆಳಗಿಳಿದಾಗ ಭಟ್ಟರು, "ಇನ್ನು ಕಟ್ಟಬಹುದು" ಎಂದರು. ಒಂದು ಶನಿವಾರ ಕನ್ನಡ ವಿಭಾಗದಿಂದ ಕಂಪ್ಯೂಟರ್ ವಿಭಾಗದವರೆಗೆ ಎಲ್ಲರೂ ಗುಡ್ಡ ಇಳಿದರು. ಚೀಲವನ್ನು ಬಾಯಿಮಟ್ಟ ತುಂಬಿಸಬಾರದು, ಮುಕ್ಕಾಲು ತುಂಬಿಸಿ ಕಟ್ಟಿದರೆ ಒಂದರ ಮೇಲೊಂದು ಒತ್ತಿ ಕೂರುತ್ತದೆ. ಇದನ್ನು ಹುಡುಗರಿಗೆ ಹೇಳಿಕೊಡಬೇಕಾಗಿ ಬರಲಿಲ್ಲ, ಹೆಚ್ಚಿನವರು ಮನೆಯಲ್ಲಿ ಮಾಡಿದವರೇ. ಸಾಲು ನಿಂತು ಚೀಲ ಕೈಯಿಂದ ಕೈಗೆ ದಾಟಿಸಿದೆವು. ಭವ್ಯಾ ಸೊಂಟಕ್ಕೆ ಶಾಲು ಬಿಗಿದು ನೀರಿನಲ್ಲಿ ನಿಂತು ಜೋಡಿಸುತ್ತಿದ್ದಳು. ನೀರು ಬರುವ ಬದಿಗೆ ಟಾರ್ಪಾಲು ಇಳಿಬಿಟ್ಟು ಬುಡಕ್ಕೆ ಜೇಡಿಮಣ್ಣು ಮೆತ್ತಿದರು. ಮಧ್ಯಾಹ್ನ ಅಡಿಕೆ ಹಾಳೆಯ ತಟ್ಟೆಯಲ್ಲಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ. ನಿರ್ದೇಶಕರು ಪ್ಯಾಂಟು ಮಡಚಿಕೊಂಡು ಒಂದು ಚೀಲ ಎತ್ತಿ ಫೋಟೋ ತೆಗೆಸಿಕೊಂಡರು, ಆಮೇಲೆ ಫೋಟೋ ಇಲ್ಲದೆಯೂ ಹಲವು ಎತ್ತಿದರು. ಅಂದಿನಿಂದ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕೆಲವೇ ದಿನಗಳಲ್ಲಿ ತೋಡು ಕೆರೆಯಾಯಿತು. ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಹುಡುಗಿಯರು ಸಂಜೆ ಕ್ಲಾಸು ಬಿಟ್ಟೊಡನೆ ನೀರು ನೋಡಲು ಓಡುತ್ತಿದ್ದರು. ಭವ್ಯಾ ಮನೆಗೆ ಫೋನು ಮಾಡಿ, "ಅಪ್ಪ, ಈ ಸಲ ಹಾಸ್ಟೆಲ್ ಮುಚ್ಚುದಿಲ್ಲ" ಎಂದು ಹೇಳುತ್ತಿದ್ದುದು ನನಗೆ ಓಣಿಯಲ್ಲಿ ಕೇಳಿಸಿತು. ಸಂತೋಷವಾಯಿತು, ನಿಜವಾಗಿ ಸಂತೋಷವಾಯಿತು. ನಿರ್ದೇಶಕರು ಕಟ್ಟದ ಉದ್ಘಾಟನೆಗೆ ದೊಡ್ಡವರೊಬ್ಬರನ್ನು ಕರೆದು ದಿನವನ್ನೂ ಗೊತ್ತುಮಾಡಿದರು.

ಆ ವಾರವೇ ನಫೀಸಮ್ಮ ಬಂದದ್ದು. ನಮ್ಮ ಕಾಂಪೌಂಡಿನ ಕೆಳಗೆ, ತೋಡಿನ ಇಕ್ಕೆಲದ ಜಾಗ ಅವರದು. ಗಂಡ ಸೌದಿಯ ದಮ್ಮಾಮಿನಲ್ಲಿ. ಇಲ್ಲಿ ತೋಟ, ದನ, ಆಳುಕಾಳು ಎಲ್ಲವನ್ನೂ ಆಳುತ್ತಿದ್ದವರು ಅವರೇ. ಹಾಸ್ಟೆಲಿಗೆ ಹಾಲು ಅವರ ಮನೆಯದು, ಹಾಗಾಗಿ ನನಗೆ ಚೆನ್ನಾಗಿ ಪರಿಚಯ. ತಲೆವಸ್ತ್ರ ಸರಿಪಡಿಸಿಕೊಂಡು ಹಾಸ್ಟೆಲಿನ ಜಗಲಿಯಲ್ಲಿ ಕೂತರು. ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳಿದರು, "ಅಲ್ಲ ಟೀಚರೇ, ತೋಡು ನಿಮ್ಮ ಕಾಂಪೌಂಡಿನ ಒಳಗೇ ಹುಟ್ಟಿ ಅಲ್ಲಿಯೇ ಸಾಯುದಾ?"

ನನಗೆ ಅರ್ಥವಾಗಲಿಲ್ಲ.

"ನಮ್ಮ ಕೆಳಗಿನವರು ಕಟ್ಟ ಹಾಕಿ ನೀರು ತುಂಬಲಿಕ್ಕೆ ಕಾಯ್ತಾ ಇದ್ದಾರೆ. ಅದು ತುಂಬಿದ ಮೇಲೆ ನಮ್ಮದು. ನಮ್ಮದು ತುಂಬಿದ ಮೇಲೆ ನಿಮ್ಮದು. ನೀವು ಮೇಲೆಯೇ ಹಿಡಿದು ಕೂತರೆ ಕೆಳಗೆ ಎಂತ ಬರುದು? ಮೊನ್ನೆಯಿಂದ ತೋಡಿನಲ್ಲಿ ಏಡಿ ನಡೆದುಕೊಂಡು ಹೋಗ್ತಾ ಉಂಟು." ಸಿಟ್ಟಿರಲಿಲ್ಲ, ತಮಾಷೆಯ ದನಿಯೇ. ಆದರೆ ಎದ್ದು ಹೋಗುವಾಗ, "ನಿಮ್ಮ ಮಕ್ಕಳಿಗೆ ಕುಡಿಯಲಿಕ್ಕೆ ಬೇಕು, ಅದು ನನಗೆ ಗೊತ್ತುಂಟು. ನಮ್ಮದೂ ಬಾವಿಯೇ ಅಲ್ವಾ?" ಎಂದರು.

ನಾನು ನೇರವಾಗಿ ಭಟ್ಟರ ಬಳಿಗೆ ಹೋದೆ. ಅವರು ಹಣೆ ಚಚ್ಚಿಕೊಂಡರು. "ಎಂತ ಮಾರಾಯ್ರೆ ಇದು! ಕೆಳಗಿನವರದ್ದು ತುಂಬದೆ ನನ್ನ ಅಪ್ಪ ಒಂದು ಕಲ್ಲು ಸಹ ಮುಟ್ಟುತ್ತಿರಲಿಲ್ಲ." ಹುಡುಗರನ್ನು ಕೇಳಿದರೆ ಅವರದೂ ಅದೇ ಮಾತು. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಕ್ರಮ. ಕೆಳಗಿನ ಕಟ್ಟ ಮೊದಲು, ಮೇಲಿನದು ಕೊನೆಗೆ. ಮನೆಯಲ್ಲಿ ಯಾರೂ ಅದನ್ನು ಮೀರಿದವರಲ್ಲ. ಆದರೆ ಕೊರಳಿಗೆ ಗುರುತಿನ ಚೀಟಿ ಹಾಕಿ ಗೇಟಿನೊಳಗೆ ಬಂದ ಮೇಲೆ, ಗೋಡೆಯಿಂದ ಗೋಡೆಯವರೆಗಿನದು ಕ್ಯಾಂಪಸ್, ಅದರಾಚೆ ಲೋಕವೇ ಇಲ್ಲ ಎಂಬಂತೆ ಎಲ್ಲರೂ ಕೆಲಸ ಮಾಡಿದ್ದೆವು. ಪರಿಸರ ಉಳಿಸುವ ಭರದಲ್ಲಿ ನೆರೆಮನೆಯನ್ನು ಮರೆತಿದ್ದೆವು.

ಮರುದಿನ ಸಂಜೆ ಎಲ್ಲರೂ ತೋಡಿನ ದಂಡೆಯಲ್ಲಿ ಸೇರಿದರು. ಏನು ಮಾಡುವುದು ಎಂಬುದು ಕೇಳಿದಷ್ಟು ಸುಲಭವಿರಲಿಲ್ಲ. ಹರಿವು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಈಗ ಬಿಟ್ಟರೆ ಕೆಳಗಿನ ಎರಡೂ ಕಟ್ಟ ತುಂಬಿ ನಮ್ಮ ಸರದಿ ಬರುವಾಗ ತೋಡಿನಲ್ಲಿ ನೂಲಿನಷ್ಟು ನೀರು ಉಳಿದರೆ ಹೆಚ್ಚು. ಒಬ್ಬ ಹುಡುಗ ಪೈಪು ಇಟ್ಟು ಅರ್ಧ ಬಿಡೋಣ ಎಂದ. "ಅರ್ಧದಲ್ಲಿ ಯಾರದ್ದೂ ತುಂಬುದಿಲ್ಲ" ಎಂದರು ಭಟ್ಟರು. ಮತ್ತೊಬ್ಬಳು, "ನಮ್ಮದು ಕುಡಿಯುವ ನೀರಲ್ವಾ ಮೇಡಂ?" ಎಂದಳು. ನಿರ್ದೇಶಕರು ಉದ್ಘಾಟನೆಯ ದಿನ ಕಳೆಯಲಿ ಎಂದು ಮೆಲ್ಲನೆ ಹೇಳಿ ನೋಡಿದರು. ಯಾರೂ ಭವ್ಯಾಳ ಮುಖ ನೋಡುತ್ತಿರಲಿಲ್ಲ. ಬೇಸಗೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ಎಲ್ಲರಿಗೂ ತೊಂದರೆ, ಅವಳಿಗೆ ಮಾತ್ರ ವರ್ಷವೇ ಹೋಗುವುದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅವಳು ಚಪ್ಪಲಿ ಬಿಚ್ಚಿ ನೀರಿಗಿಳಿದಳು. ನಾನು, "ನಿಲ್ಲು ಭವ್ಯಾ, ಸ್ವಲ್ಪ ಯೋಚಿಸುವ" ಎಂದೆ.

"ಯೋಚಿಸಿದರೆ ನನಗೆ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ ಮೇಡಂ" ಎಂದಳು. "ನಮ್ಮ ಮನೆಯೂ ತೋಡಿನ ಕೆಳಗೇ ಇರುದು. ಮೇಲಿನವರು ಹೀಗೆ ಮಾಡಿದರೆ ಅಪ್ಪ ಎಂತ ಹೇಳ್ತಿದ್ದರು ಅಂತ ನನಗೆ ಗೊತ್ತುಂಟು."

ಯಾರ ಮುಖವನ್ನೂ ನೋಡದೆ ನಡುವಿನ ಚೀಲಕ್ಕೆ ಕೈಹಾಕಿ ಎಳೆದಳು. ಒಬ್ಬಳಿಂದ ಆಗಲಿಲ್ಲ. ಭಟ್ಟರು ಇಳಿದರು, ಆಮೇಲೆ ನಾನೂ ಸೀರೆ ಎತ್ತಿಕಟ್ಟಿ ಇಳಿದೆ. ಚೀಲ ಜಾರಿತು, ನೀರು ಮೊದಲು ತಡವರಿಸಿ, ಆಮೇಲೆ ಒಂದೇ ಸಮನೆ ಕೆಳಗೆ ಧುಮುಕಿತು. ಅವಳು ಅಳುತ್ತಿದ್ದಳು. ನನಗೂ ಅಳು ಬಂತು. ಅಷ್ಟು ಜನ ಸೇರಿ ನಿಲ್ಲಿಸಿದ ನೀರು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಖಾಲಿಯಾದದ್ದನ್ನು ನೋಡುವುದು ಕಷ್ಟ.

ಬಿಟ್ಟ ನೀರಿಗೆ ಎಲ್ಲಕ್ಕಿಂತ ಕೆಳಗಿನವರ ಕಟ್ಟ ರಾತ್ರಿಯೇ ತುಂಬಿತ್ತು, ಮರುದಿನ ನಾವೆಲ್ಲ ನಫೀಸಮ್ಮನ ಕಟ್ಟಕ್ಕೆ ಚೀಲ ತುಂಬಲು ಹೋದೆವು. ಅವರು ಹೋಗಿ ಎಂದೂ ಹೇಳಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ, ಅಕ್ಕಿರೊಟ್ಟಿ ಮತ್ತು ಕೋಳಿ ಸಾರು ಮಾಡಿಸಿದರು. ಮಾಂಸ ತಿನ್ನದ ಭಟ್ಟರಿಗೆ ಬಾಳೆಹಣ್ಣು, ಅವಲಕ್ಕಿ ಬೇರೆ ಇಟ್ಟಿದ್ದರು. ಕೆಲಸಕ್ಕೆ ಅವರ ಕೆಳಗಿನ ಗೌಡರ ಮನೆಯವರೂ ಬಂದರು. ಉದ್ಘಾಟನೆಯನ್ನು ನಿರ್ದೇಶಕರು ರದ್ದು ಮಾಡಲಿಲ್ಲ, ಜಾಗ ಬದಲಿಸಿದರು. ಬಿಳಿ ಪಂಚೆಯ ಅತಿಥಿಗಳು ಯಾವುದನ್ನು ಉದ್ಘಾಟಿಸಬೇಕೆಂದು ತಿಳಿಯದೆ ನಫೀಸಮ್ಮನ ಕಟ್ಟದ ಮೇಲೆ ಒಂದು ಚೀಲ ಇಟ್ಟು, ನೀರಿನ ಮಹತ್ವದ ಬಗ್ಗೆ ಮಾತಾಡಿ, ಎಳನೀರು ಕುಡಿದು ಹೋದರು.

ಆಮೇಲೆ ಕಾಯುವುದು. ಡಿಸೆಂಬರ್ ಮುಗಿಯುತ್ತ ಬಂತು, ತೋಡು ಸೊರಗುತ್ತ ಹೋಯಿತು. ಭವ್ಯಾ ಏನೂ ಕೇಳುತ್ತಿರಲಿಲ್ಲ, ಆದರೆ ಹಾಲು ಬರುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ನನ್ನ ಫೋನಿಗೆ ಕರೆ ಬಂತು. "ಟೀಚರೇ, ನಮ್ಮದು ತುಂಬಿತು. ಇನ್ನು ನೀವು ಕಟ್ಟಿ." ಆ ದಿನವೇ ಕಟ್ಟಿದೆವು. ಈ ಸಲ ಕೆರೆಯಾಗಲಿಲ್ಲ, ಮೊಣಕಾಲಿನಷ್ಟು ನಿಂತಿತು, ಅಷ್ಟೇ. ಬಾವಿಯ ಮೇಲಿನ ಮೆಟ್ಟಿಲುಗಳು ಒಣಗಿಯೇ ಉಳಿದವು.

ಹಾಗಿದ್ದರೂ ಮಾರ್ಚ್ ಕಳೆಯಿತು. ಸ್ನಾನಕ್ಕೆ ಒಂದೇ ಬಕೆಟ್ ಎಂದು ಹುಡುಗಿಯರೇ ನಿಯಮ ಮಾಡಿಕೊಂಡರು, ಮೀರಿದವರನ್ನು ಅವರೇ ಬೈದರು. ಬಟ್ಟೆ ತೊಳೆದ ನೀರಿನಲ್ಲಿ ಓಣಿ ಒರೆಸಿದರು. ಏಪ್ರಿಲ್ ಸೆಕೆ ಅಂದರೆ ಸೆಕೆ, ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು. ಪರೀಕ್ಷೆ ಶುರುವಾಗಿ ಅರ್ಧ ದಾಟುವಾಗ ಪಂಪು ಕೆಸರು ಎತ್ತಿತು. ವೇಳಾಪಟ್ಟಿಯಲ್ಲಿ ಭವ್ಯಾಳ ಹಳೆಯ ಪತ್ರಿಕೆ ಎಲ್ಲಕ್ಕಿಂತ ಕೊನೆಗಿತ್ತು. ನಿರ್ದೇಶಕರು ನನ್ನನ್ನು ಕರೆದು, ಇನ್ನು ಮುಚ್ಚದೆ ದಾರಿಯಿಲ್ಲ, ನಾಳೆ ಹುಡುಗಿಯರಿಗೆ ಹೇಳಿಬಿಡಿ ಎಂದರು. ಅವರ ಧ್ವನಿಯೂ ಬಿದ್ದುಹೋಗಿತ್ತು.

ನಾನು ಆ ಸಂಜೆ ಹುಡುಗಿಯರಿಗೆ ಹೇಳಲಿಲ್ಲ. ಹಾಲಿನ ಕ್ಯಾನು ವಾಪಸು ಕೊಡುವ ನೆಪದಲ್ಲಿ ನಫೀಸಮ್ಮನ ಮನೆಗೆ ಹೋದೆ. ಕೇಳಬೇಕೆಂದು ಹೋದವಳಲ್ಲ, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು. ಹಾಸ್ಟೆಲ್ ಮುಚ್ಚುವ ಮಾತು ಕೇಳಿ ಅವರು ಅಡಿಕೆ ಸುಲಿಯುವ ಮಣೆ ಬದಿಗೆ ಸರಿಸಿದರು.

"ಆವತ್ತು ಮೊದಲು ನೀರಿಗೆ ಇಳಿದ ಹುಡುಗಿ, ಅವಳಿಗೂ ಪರೀಕ್ಷೆ ಉಂಟಾ?"

"ಎಲ್ಲರಿಗಿಂತ ಕೊನೆಗೆ ಅವಳದ್ದೇ. ಅದು ತಪ್ಪಿದರೆ ವರ್ಷ ಹೋಗ್ತದೆ" ಎಂದೆ.

"ಮತ್ತೆ ಅದನ್ನು ಇಷ್ಟು ದಿನ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು ಟೀಚರೇ? ನಾನು ಹೊರಗಿನವಳಾ?" ಈ ಸಲ ನಿಜವಾಗಿಯೂ ಸಿಟ್ಟಿತ್ತು. "ನಮ್ಮ ಕಟ್ಟದಲ್ಲಿ ಇನ್ನೂ ಸೊಂಟದವರೆಗೆ ನೀರುಂಟು. ಪೈಪು ಎಳೆಯಿರಿ. ಯಾರನ್ನೂ ಮನೆಗೆ ಕಳಿಸುದು ಬೇಡ."

ಬೆಳಿಗ್ಗೆ ಭಟ್ಟರು ತೋಟದ ಪೈಪುಗಳನ್ನು ಪೆರಾಬೆಯಿಂದ ಜೀಪಿನಲ್ಲಿ ತಂದರು. ಗೌಡರ ಮನೆಯ ಪಂಪು ಬಂತು. ಪರೀಕ್ಷೆ ಮುಗಿದಿದ್ದ ಹುಡುಗರು ಊರಿಗೆ ಹೋಗದೆ ನಿಂತು, ಕೆಳಗಿನ ಕಟ್ಟದಿಂದ ನಮ್ಮ ಟ್ಯಾಂಕಿನವರೆಗೆ ಗುಡ್ಡದುದ್ದಕ್ಕೂ ಪೈಪು ಜೋಡಿಸಿದರು. ನಡುವೆ ಒಂದು ಕಡೆ ಜೋಡಣೆ ಬಿಟ್ಟು ನಿರ್ದೇಶಕರ ಮೈಮೇಲೆ ಕಾರಂಜಿ ಹಾರಿತು. ಬಂದ ನೀರು ಬಳಕೆಗೆ. ಕುಡಿಯಲು ನಫೀಸಮ್ಮನ ಮನೆ ಬಾವಿಯಿಂದ ಹಾಲಿನ ಕ್ಯಾನುಗಳಲ್ಲಿ ಹೊತ್ತೆವು. ಭವ್ಯಾಳನ್ನು ಮಾತ್ರ ಯಾರೂ ಹೊರಲು ಬಿಡಲಿಲ್ಲ. "ನೀನು ಹೋಗಿ ಓದು ಮಾರಾಯ್ತಿ" ಎಂದು ಅಟ್ಟಿದರು.

ಅವಳ ಪರೀಕ್ಷೆಯ ದಿನ ಬೆಳಿಗ್ಗೆಯಿಂದಲೇ ಮೂಡಣದಲ್ಲಿ, ಘಟ್ಟದ ಮೇಲೆ ಮೋಡ ಕಪ್ಪಗಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಭವ್ಯಾ ಪರೀಕ್ಷಾ ಕೊಠಡಿಯಿಂದ ಹೊರಬಂದಾಗ ನಾನು ಮೆಟ್ಟಿಲ ಬಳಿ ನಿಂತಿದ್ದೆ.

"ಹೇಗಾಯ್ತು?"

"ಬರೆದೆ ಮೇಡಂ" ಎಂದಳು. ಮತ್ತೊಮ್ಮೆ, ತನಗೇ ನಂಬಿಕೆಯಾಗಲೆಂಬಂತೆ, "ಪೂರ್ತಿ ಬರೆದೆ" ಎಂದಳು.

ಅಷ್ಟರಲ್ಲಿ ನನ್ನ ಫೋನು ಬಡಿಯಿತು. ದೊಡ್ಡ ಮಳೆ ಬರುವ ಹಾಗುಂಟು, ಕಟ್ಟ ಬಿಡಿಸಬೇಕು, ಇಲ್ಲದಿದ್ದರೆ ನೀರು ತೋಟಕ್ಕೆ ನುಗ್ಗುತ್ತದೆ ಎಂದರು ನಫೀಸಮ್ಮ. ಬಿಡಿಸುವಾಗಲೂ ಕ್ರಮ ಅದೇ, ಕೆಳಗಿನದು ಮೊದಲು. ನಮ್ಮದನ್ನು ಬಿಡಿಸುತ್ತಿದ್ದೇವೆ, ನೀವು ಇಳಿದು ತಯಾರಾಗಿ ಎಂದರು.

ಭವ್ಯಾ ಹಾಲ್ ಟಿಕೆಟು, ಪೆನ್ನು ನನ್ನ ಕೈಗೆ ತುರುಕಿ ಗುಡ್ಡ ಇಳಿದು ಓಡಿದಳು. ನಾನು ಹಿಂದಿನಿಂದ ತಲುಪುವಾಗ ತೋಡಿಗಿಳಿದು, ಅದೇ ನಡುವಿನ ಚೀಲದ ಕಿವಿ ಹಿಡಿದಿದ್ದಳು. ಮೊದಲ ಹನಿಗಳು ಬಿದ್ದು ಚೀಲಗಳಿಂದ ಹಿಂಡಿಯ ವಾಸನೆ ಎದ್ದಿತ್ತು. ಡಿಸೆಂಬರಿನಲ್ಲಿ ಅದನ್ನು ಎಳೆಯುವಾಗ ಅವಳು ಯಾರನ್ನೂ ನೋಡಿರಲಿಲ್ಲ. ಈಗ ಚೀಲದ ಕಿವಿ ಬಿಟ್ಟು, ಕಾಂಪೌಂಡಿನಾಚೆಗೆ ಕತ್ತು ಚಾಚಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ನಫೀಸಮ್ಮಾ, ನಾವು ಬಿಡುದಾ?"

ಮಳೆಯ ಸದ್ದಿನ ನಡುವೆ ಕೆಳಗಿನಿಂದ ಉತ್ತರ ಬಂತು. "ಬಿಡು ಮಾರಾಯ್ತಿ! ಇಲ್ಲಿ ದಾರಿ ಉಂಟು!"

ಭವ್ಯಾ ನಗುತ್ತಾ ಚೀಲ ಎಳೆದಳು.